ತುಳಿದರೆ ಸೈಕಲ್, ಬಿಟ್ಟರೆ ಗಾಡಿ

ನಮ್ಮ ಅಬ್ಬಾಗೆ ಒಂದು ಅಭ್ಯಾಸವಿದೆ. ಎಲ್ಲಿ ಗಾಡಿ ನಿಂತಿದ್ದು ಕಂಡರೂ ಬಗ್ಗಿ, ಅದರ ಚೈನನ್ನು ಎರಡು ಬೆರಳಲ್ಲಿ ಎತ್ತಿ ನೋಡುತ್ತಾರೆ. ಮದುವೆಗೆ ಹೋದರೆ ಮದುಮಗನ ಬೈಕಿನದ್ದೂ ನೋಡುತ್ತಾರೆ. "ಸಡ್ಲ ಆಗೈತಿ" ಎಂದು ಹೇಳಿ ಊಟಕ್ಕೆ ಕೂರುತ್ತಾರೆ. ಮೂವತ್ತು ವರ್ಷದಿಂದ ಸೈಕಲ್ ಶಾಪ್ ಇಟ್ಟವರು. ನಾನು ಬ್ಯಾಟರಿ ಸೈಕಲ್ ತಂದ ದಿನವೂ ಹಾಗೇ ಬಗ್ಗಿ, ಚೈನ್ ಎತ್ತಿ, ಹಿಂದಿನ ಗಾಲಿಯ ಮೋಟಾರನ್ನು ಮುಟ್ಟಿ, "ಇದು ಸೈಕಲ್ಲೇ" ಎಂದು ತೀರ್ಪು ಕೊಟ್ಟರು.

ಕಾನೂನೂ ಅದನ್ನೇ ಹೇಳುತ್ತದೆ. ಮೋಟಾರು ಇನ್ನೂರೈವತ್ತು ವ್ಯಾಟಿನ ಒಳಗಿದ್ದು, ವೇಗ ಇಪ್ಪತ್ತೈದು ಕಿಲೋಮೀಟರ್ ದಾಟದೆ, ಕಂಪನಿಯವರು ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ತಂದಿದ್ದರೆ ಅದು ಮೋಟಾರು ವಾಹನವೇ ಅಲ್ಲ. ಲೈಸೆನ್ಸ್ ಬೇಡ, ನಂಬರ್ ಬೇಡ. ಅಬ್ಬಾಗೂ ಕಾನೂನಿಗೂ ಗೊತ್ತಿರುವ ಈ ಸಂಗತಿ ನಮ್ಮೂರಲ್ಲಿ ಬೇರೆ ಯಾರಿಗೂ ಗೊತ್ತಿಲ್ಲವಾದ್ದರಿಂದ ವಾರಕ್ಕೊಂದಾದರೂ ಎಡವಟ್ಟು ಆಗುತ್ತಲೇ ಇರುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದರಲ್ಲಿ ನಮ್ಮೂರು ಯಾವುದು ಅಂತ ಹೇಳುವುದಿಲ್ಲ. ನಾಳೆ ಅದೇ ರಸ್ತೆಯಲ್ಲಿ ಹೋಗಬೇಕು. ನಾನೊಂದು ಲ್ಯಾಬಿನಲ್ಲಿದ್ದೇನೆ. ಬೆಳಿಗ್ಗೆ ಮನೆ ಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುವ ಕೆಲಸ. ಸ್ವಂತ ಗಾಡಿ ಇದ್ದವರಿಗೆ ಮಾತ್ರ ಆ ಕೆಲಸ. ಸೈಕಲ್ ಹೋದರೆ ಕೆಲಸವೂ ಹೋಯಿತು. ಎದುರು ಮಾತಾಡುವುದು ನನಗೆ ಬರುವುದಿಲ್ಲ. ಸಿಟ್ಟೆಲ್ಲ ಮನೆಗೆ ಬಂದ ಮೇಲೆ ಬರುತ್ತದೆ, ಅದೂ ಇಂಗ್ಲಿಷಿನಲ್ಲಿ. ಅದಕ್ಕೇ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕಾಲಿಗೊಂದು ಕೆಲಸ

ಮೊದಲ ಸಲ ನನ್ನನ್ನು ನಿಲ್ಲಿಸಿದವರು ಸರ್ಕಲ್ಲಿನ ಹೆಡ್ ಕಾನ್‌ಸ್ಟೇಬಲ್.

"ಎಲ್ಲಮ್ಮಾ ನಂಬರ್ ಪ್ಲೇಟು?"

"ಸರ್, ಇದು ಸೈಕಲ್."

"ಸೈಕಲ್ ಅಂತಿ, ತುಳಿಯಂಗಿಲ್ಲ, ಕಾಲು ಸುಮ್ನ ಇಟ್ಕೊಂಡು ಬಂದಿ. ತುಳಿದು ತೋರ್ಸು ನೋಡೋಣ."

ಸರ್ಕಲ್ಲಿಗೆ ಒಂದು ಸುತ್ತು ತುಳಿದು ತೋರಿಸಿದೆ. ಬಾಳೆಹಣ್ಣಿನ ಗಾಡಿಯವನು, ಆಟೋದವರು, ಎಲ್ಲರೂ ನೋಡಿದರು. ಹೆಡ್ ಕಾನ್‌ಸ್ಟೇಬಲ್ ತಲೆಯಾಡಿಸಿದರು. "ಈಗ ಸೈಕಲ್ ಆತು. ಹಿಂಗ ತುಳಕಂತ ಹೋಗು. ಕಾಲು ನಿಂದ್ರಿಸಿದಿ ಅಂದ್ರ ಗಾಡಿ ಆಕ್ಕೈತಿ, ಕೇಸ್ ಹಾಕ್ತೀನಿ."

ಅಂದಿನಿಂದ ಖಾಕಿ ಕಂಡ ತಕ್ಷಣ ನನ್ನ ಕಾಲುಗಳು ತಾವಾಗಿ ತುಳಿಯುತ್ತವೆ. ಮೊನ್ನೆ ಬಸ್ಸಿನಲ್ಲಿ ಕೂತಿದ್ದಾಗ ಕಂಡಕ್ಟರ್ ಹತ್ತಿರ ಬಂದಾಗಲೂ ತುಳಿದವು.

ಗುಂಡು ಸೀಲು

ನಿಯಮದ ಪ್ರತಿಯನ್ನು ಪ್ರಿಂಟ್ ತೆಗೆಸಿ ಬ್ಯಾಗಿನಲ್ಲಿಟ್ಟುಕೊಂಡೆ. ಮುಂದಿನ ಸಲ ನಿಲ್ಲಿಸಿದಾಗ ಕೊಟ್ಟೆ. ಅದೇ ಹೆಡ್ ಕಾನ್‌ಸ್ಟೇಬಲ್ ಹಿಂದೆ ಮುಂದೆ ತಿರುಗಿಸಿ ನೋಡಿ, "ಇಂಗ್ಲಿಷ್‌ನಾಗ ಐತಿ. ಕನ್ನಡದಾಗ ತಗೊಂಡು ಬಾ" ಅಂದರು.

ರಾತ್ರಿ ಕೂತು ಕನ್ನಡಕ್ಕೆ ಮಾಡಿದೆ. ಶಾಲೆಯಲ್ಲಿ ಕನ್ನಡ ನನಗೆ ಮೂರನೇ ಭಾಷೆ. ತಲೆ ಬಿಸಿಯಾಯಿತು. ಮರುದಿನ ತೋರಿಸಿದರೆ, "ಸೀಲ್ ಎಲ್ಲೈತಿ? ಸೀಲಿಲ್ದ ಕಾಗದ ಯಾರು ಬೇಕಾದ್ರೂ ಬರೀಬೋದು" ಅಂದರು. ನಿಜ. ಬರೆದವಳು ನಾನೇ.

ಮನೆಗೆ ಬಂದು ಸಿಟ್ಟಿಗೆ ಅಬ್ಬಾನ ಅಂಗಡಿಯ ಗುಂಡು ಸೀಲನ್ನೇ ಎತ್ತಿ ಒತ್ತಿಬಿಟ್ಟೆ. ಸುತ್ತಲೂ ಅಂಗಡಿಯ ಹೆಸರು, ನಡುವೆ "ಪಂಚರ್ ಹಾಕಲಾಗುವುದು". ಹೆಡ್ ಕಾನ್‌ಸ್ಟೇಬಲ್ಲರಿಗೆ ಸಿಟ್ಟು ಬರಲಿ ಅಂತಲೇ ಮರುದಿನ ತೋರಿಸಿದೆ. ಅವರು ಸೀಲಿನ ಮೇಲೆ ಬೆರಳಾಡಿಸಿ, ಮಡಚಿ ಕೊಟ್ಟರು.

"ನೋಡಮ್ಮಾ, ಇದನ್ನ ಮೊದ್ಲ ತೋರ್ಸಿದ್ರ ಇಷ್ಟು ಮಾತಾ ಇರ್ತಿದ್ದಿಲ್ಲ."

ಪಕ್ಕದ ಮನೆಯ ಅಂಕಲ್

ನಮ್ಮ ಪಕ್ಕದ ಮನೆಯ ಅಂಕಲ್ ರಸ್ತೆ ಗುತ್ತಿಗೆದಾರರು. ಅವರೂ ಬ್ಯಾಟರಿ ಸ್ಕೂಟರ್ ತಂದರು. ಸಣ್ಣದಲ್ಲ, ದೊಡ್ಡದು. "ಕಾನಹೊಸಹಳ್ಳಿ ಹೈವೇದಾಗ ಎಂಬತ್ತು ಹೊಡಿತು" ಎಂದು ಓಣಿಗೆಲ್ಲ ಹೇಳಿದರು. ಅಂಥದ್ದಕ್ಕೆ ನಂಬರ್, ಲೈಸೆನ್ಸ್, ಇನ್ಶೂರೆನ್ಸ್ ಎಲ್ಲ ಬೇಕು. ಅವರಲ್ಲಿ ಒಂದೂ ಇಲ್ಲ. ನಾನು ಧೈರ್ಯ ಮಾಡಿ ಹೇಳಿದೆ.

"ಬ್ಯಾಟರಿ ಅಂದಮ್ಯಾಲ ಎಲ್ಲಾ ಒಂದಾ ತಗೋ. ಎಲ್ಲಿ, ನಿನ್ ಹತ್ರ ಒಂದು ಕಾಗದ ಐತಂತಲ್ಲ, ಕೊಡಿಲ್ಲಿ, ಜೆರಾಕ್ಸ್ ಮಾಡಿಸಿ ಕೊಡ್ತೀನಿ."

ಕೊಡಬಾರದು ಅಂದುಕೊಂಡೇ ಬ್ಯಾಗಿನಿಂದ ತೆಗೆದು ಕೊಟ್ಟೆ.

ವಾರದ ಮೇಲೆ ಸರ್ಕಲ್ಲಿನಲ್ಲಿ ಅದೇ ಹೆಡ್ ಕಾನ್‌ಸ್ಟೇಬಲ್ ನಮ್ಮಿಬ್ಬರನ್ನೂ ಒಟ್ಟಿಗೆ ನಿಲ್ಲಿಸಿದರು. ಅಂಕಲ್ ಹಿಂದೆ ಹೆಂಡತಿ, ಮುಂದೆ ಸಿಮೆಂಟ್ ಚೀಲ. ಅಂಕಲ್ ಜೆರಾಕ್ಸ್ ಹೊರಗೆ ತೆಗೆದು ತೋರಿಸಿದರು, ನಮಸ್ಕಾರ ಮಾಡಿಸಿಕೊಂಡು ಹೋದರು. ನನ್ನ ಮೂಲ ಪ್ರತಿ ಮಳೆಗೆ ನೆನೆದು ಸೀಲು ಕದಡಿತ್ತು.

"ಏನಮ್ಮಾ ಇದು ಕಾಗದ ಇಟ್ಕೊಳ್ಳೋ ರೀತಿ? ಅವ್ರನ್ನ ನೋಡಿ ಕಲಿ. ಎಷ್ಟು ಚಂದ ಲ್ಯಾಮಿನೇಷನ್ ಮಾಡ್ಸ್ಯಾರ."

ಅಜ್ಜಿಯ ರಕ್ತ

ಆಮೇಲೆ ಠಾಣೆಗೆ ಹೊಸ ಸಾಹೇಬರು ಬಂದರು. ಅವರು ಕಾಗದ ಕೇಳಲೇ ಇಲ್ಲ. ಶುಕ್ರವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ, "ನಂಬರಿಲ್ಲ, ಸೀಜ್ ಮಾಡ್ರಿ" ಅಂದರು, ಅಷ್ಟೇ. ಕ್ಯಾರಿಯರಿಗೆ ಬಿಗಿದಿದ್ದ ಐಸ್ ಡಬ್ಬಿಯಲ್ಲಿ ಒಬ್ಬ ಅಜ್ಜಿಯ ರಕ್ತವಿತ್ತು. ಖಾಲಿ ಹೊಟ್ಟೆಯಲ್ಲಿ ಕೂರಿಸಿ, ಮೂರನೇ ಸಲಕ್ಕೆ ನರ ಸಿಕ್ಕಿತ್ತು. ಡಬ್ಬಿ ಬಿಚ್ಚಿಕೊಳ್ಳುತ್ತೇನೆ ಅಂದೆ. "ಗಾಡಿ ಮ್ಯಾಲಿನ ಸಾಮಾನು ಗಾಡಿ ಜೊತಿಗೇ" ಅಂದರು.

ಮರುದಿನ ನಡೆದುಕೊಂಡೇ ಅಜ್ಜಿಯ ಮನೆಗೆ ಹೋದೆ. ಮತ್ತೆ ತೋಳು ಕೊಡಿ ಅಂದೆ.

"ನಿನ್ನಿ ತಗಂಡು ಹೋದದ್ದು ಏನ್ ಮಾಡಿದ್ಯವ್ವಾ?"

"ಪೊಲೀಸ್ರು ಇಟ್ಕೊಂಡ್ರು ಅಜ್ಜಿ."

ಅಜ್ಜಿ ಸೊಸೆಯ ಮುಖ ನೋಡಿದರು, ನನ್ನ ಮುಖ ನೋಡಿದರು. "ನನ್ ರಕ್ತ ಅವ್ರಿಗೇನ್ ಮಾಡಿತ್ತು?"

ಖಾಲಿ ಬಿಡುವಂತಿಲ್ಲ

ಲ್ಯಾಬಿಗೆ ಹೋಗಿ ಅಜ್ಜಿಯ ಮಾತು ಹೇಳಿದೆ. ಲ್ಯಾಬ್ ನಡೆಸುವ ಸರ್ ನಗಲಿಲ್ಲ. "ಸೋಮವಾರ ಗಾಡಿ ಇರ್ಬೇಕು, ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ತೀನಿ" ಅಂದರು.

ಅಲ್ಲಿಂದಲೇ ಠಾಣೆಗೆ ಹೋದೆ. ಅಲ್ಲಿ ಕೇಸು ಬರೆಯುವ ರೈಟರ್ ಕಂಪ್ಯೂಟರ್ ಮುಂದೆ ಬೆವರುತ್ತಿದ್ದರು.

"ವಾಹನದ ನಂಬರ್ ಹಾಕು ಅಂತೈತಿ ಮೇಡಂ. ಖಾಲಿ ಬಿಟ್ರ ಮುಂದಿನ ಪುಟಕ್ಕ ಹೋಗವಲ್ದು."

"ಹಾಗಾದ್ರೆ ಕೇಸ್ ಆಗಿಲ್ಲ?"

"ಹೆಂಗಾಗತೈತಿ?"

"ಸೈಕಲ್ ಕೊಟ್ಟುಬಿಡಿ ಸರ್."

"ಹೆಂಗ ಕೊಡಾಕ ಬರ್ತೈತಿ? ದಂಡ ಕಟ್ಟಿದ ರಸೀದಿ ಬೇಕು."

"ಎಲ್ಲಿ ಕಟ್ಟಲಿ?"

"ಕೇಸ್ ಆದ ಮ್ಯಾಲ ಇಲ್ಲೇ ಕಟ್ರಿ."

ಸೋಮವಾರ ಮೊದಲ ಬಸ್ ಹಿಡಿದು ಸಾರಿಗೆ ಕಚೇರಿಗೆ ಹೋದೆ. ಇದು ಮೋಟಾರು ವಾಹನ ಅಲ್ಲ ಅಂತ ಬರೆದುಕೊಡಿ ಅಂದೆ. ಅಲ್ಲಿಯ ಗುಮಾಸ್ತರು ಬಹಳ ಸಮಾಧಾನದ ಮನುಷ್ಯ. "ನಮ್ಮ ವಾಹನಗಳಿಗಷ್ಟೇ ನಾವು ಬರ್ಕೊಡೋದು. ನಿಮ್ದು ನಮ್ಮ ವಾಹನಾನೇ ಅಲ್ಲಲ್ಲ" ಅಂದರು. ಅದನ್ನೇ ಬರೆದುಕೊಡಿ ಅಂದೆ. ಅದನ್ನೇ ಬರೆಯಲು ಬರುವುದಿಲ್ಲವಂತೆ.

ಮಧ್ಯಾಹ್ನ ಠಾಣೆಗೆ ಬಂದೆ. ಇಡೀ ದಾರಿ ಹೇಳಬೇಕಾದ್ದನ್ನು ಕನ್ನಡದಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ. ಕಾಂಪೌಂಡಿನಲ್ಲಿ ನನ್ನ ಸೈಕಲ್ ಇರಲಿಲ್ಲ. ಅಷ್ಟರಲ್ಲಿ ಗೇಟಿನಿಂದ ಸದ್ದಿಲ್ಲದೆ ಒಳಗೆ ಬಂತು. ಮೇಲೆ ಒಬ್ಬ ಕಾನ್‌ಸ್ಟೇಬಲ್, ಹ್ಯಾಂಡಲಿಗೆ ಚಹಾದ ಫ್ಲಾಸ್ಕು, ಅಜ್ಜಿಯ ರಕ್ತವಿದ್ದ ಡಬ್ಬಿಯಲ್ಲಿ ಬಿಸಿ ಬಿಸಿ ಮಿರ್ಚಿ ಬಜ್ಜಿ. ತುಳಿಯುತ್ತಿರಲಿಲ್ಲ. ಕಾಲು ಆರಾಮಾಗಿ ಇಟ್ಟುಕೊಂಡಿದ್ದರು.

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. "ಸರ್, ಇದಕ್ಕೆ ನಂಬರಿಲ್ಲ. ನೀವು ಹೆಂಗೆ ಓಡಿಸ್ತೀರಿ?" ಅಂದೆ. ಜೀವನದಲ್ಲಿ ಅಷ್ಟು ಜೋರಾಗಿ ನಾನು ಮಾತಾಡಿದ್ದಿಲ್ಲ.

ಅವರು ಸ್ಟ್ಯಾಂಡ್ ಹಾಕಿ, ಮಿರ್ಚಿ ಪೊಟ್ಟಣ ಎತ್ತಿಕೊಂಡು, ಏನೂ ತಿಳಿಯದವಳಿಗೆ ಹೇಳುವ ಹಾಗೆ ಹೇಳಿದರು:

"ಇದಕ್ಕ ನಂಬರ್ ಗಿಂಬರ್ ಏನೂ ಬೇಕಾಗಂಗಿಲ್ರಿ ಮೇಡಂ. ಸೈಕಲ್ ಇದು."

ಮೂರು ದಿನ ನಿಂತ ಬ್ಯಾಟರಿ ಇಳಿದಿರಬಹುದೆಂದು ನಾನು ಚಾರ್ಜರನ್ನು ಬ್ಯಾಗಿನಲ್ಲಿ ಹಾಕಿಕೊಂಡು ಬಂದಿದ್ದೆ. ಅದರ ವೈರಿನ ತುದಿ ಜಿಪ್ಪಿನಿಂದ ಹೊರಗೆ ಇಣುಕುತ್ತಿತ್ತು. ಅವರ ಕಣ್ಣು ಅದರ ಮೇಲೆ ಬಿತ್ತು. ಎಣ್ಣೆಗೈಯನ್ನು ಪ್ಯಾಂಟಿಗೆ ಒರೆಸಿ ನನ್ನ ಮುಂದೆ ಚಾಚಿದರು.

"ಚಾರ್ಜರ್ ತಂದೀರಲ್ಲ, ಕೊಟ್ಟು ಹೋಗ್ರಿ. ಸಂಜಿ ಚಾ ತರೋದೈತಿ."