ಇಪ್ಪತ್ನಾಲ್ಕು ಬಂದವಳಿಗೆ ಗಂಟೆ ಇಲ್ಲ!

ನಮ್ಮ ಚಿಕ್ಕಮ್ಮನಿಗೆ ಗಣಿತ ಬರುತ್ತಿರಲಿಲ್ಲ ಎಂದರೆ ನೀವು ನಂಬಬೇಕು! ಕೊಪ್ಪದ ಹತ್ತಿರದ ಹೈಸ್ಕೂಲಿನಲ್ಲಿ ಅವಳು ಕಲಿಸುತ್ತಿದ್ದದ್ದು ಗಣಿತವನ್ನೇ, ಅದು ಬೇರೆ ಮಾತು. ಆದರೆ ಇಪ್ಪತ್ನಾಲ್ಕಕ್ಕಿಂತ ಒಂಬತ್ತೇ ದೊಡ್ಡದು ಎಂದು ವಾದಿಸುವವಳನ್ನು ಗಣಿತದ ಟೀಚರ್ ಎಂದು ಯಾವ ಬಾಯಲ್ಲಿ ಕರೆಯಲಿ?

ಯಾರು ಏನೇ ಹೇಳಲಿ, ಅವಳದು ಒಂದೇ ಪ್ರಶ್ನೆ: "ಹೋದ ಸಲ ಎಷ್ಟಿತ್ತು?" ಬಸ್ಸು ಅರ್ಧ ಗಂಟೆ ತಡವಾಗಿ ಬಂದರೆ ಊರೆಲ್ಲ ಕಂಡಕ್ಟರನಿಗೆ ಬೈಯುತ್ತಿತ್ತು. ಇವಳು ಮಾತ್ರ, "ಹೋದ ವಾರ ಮುಕ್ಕಾಲು ಗಂಟೆ ಲೇಟಿತ್ತು, ಈ ಸಲ ಅರ್ಧವೇ. ಭೇಷ್ ಮಾರಾಯಾ!" ಎಂದು ಅವನ ಬೆನ್ನು ತಟ್ಟುತ್ತಿದ್ದಳು. ಆಗಷ್ಟೇ ನಮ್ಮ ಕಡೆಗೆ ಮೊಬೈಲು ಬಂದಿತ್ತು. ಅಂಗಳದ ಮೂಲೆಯಲ್ಲಿ ನಿಂತು, "ನಿನ್ನೆ ಒಂದು ಕಡ್ಡಿ ಇತ್ತು, ಇವತ್ತು ಎರಡು. ಪಾಪ, ಕಲೀತಾ ಇದೆ!" ಎಂದು ಸಿಗ್ನಲ್ಲನ್ನೂ ಹೊಗಳಿದವಳು ಅವಳು.

ಶಾಲೆಯಲ್ಲೂ ಇದೇ ಕತೆ. ವಾರಕ್ಕೊಂದು ಕಿರುಪರೀಕ್ಷೆ, ಇಪ್ಪತ್ತೈದು ಅಂಕ. ಹೋದ ವಾರಕ್ಕಿಂತ ಹೆಚ್ಚು ಮೇಲೆ ಬಂದವರಿಗೆ ಅವತ್ತು ಸಂಜೆ ಶಾಲೆ ಬಿಡುವ ಗಂಟೆ ಹೊಡೆಯುವ ಭಾಗ್ಯ! ಗಂಟೆಯೆಂದರೆ ನರಸಿಂಹರಾಜಪುರದ ಕಡೆ ಎಂದೋ ಓಡುತ್ತಿದ್ದ ರೈಲಿನ ಹಳಿಯ ತುಂಡು. ಅದರ ಮೇಲೊಂದು ಏಟು ಹಾಕುವುದಕ್ಕಾಗಿ ನಾವೆಲ್ಲ ಜೀವ ಬಿಡುತ್ತಿದ್ದೆವು. ನಾಲ್ಕರಿಂದ ಒಂಬತ್ತಕ್ಕೆ ಬಂದ ಹುಡುಗ ಹೊಡೆದ. ಎರಡರಿಂದ ಎಂಟಕ್ಕೆ ಬಂದವಳೂ ಹೊಡೆದಳು. ಪ್ರತಿ ವಾರವೂ ಇಪ್ಪತ್ನಾಲ್ಕು ತೆಗೆಯುತ್ತಿದ್ದ ನಾನು? ಕಿವಿ ಮುಚ್ಚಿಕೊಂಡು ಮನೆಗೆ ಹೋದೆ. ಉಳಿದ ಒಂದು ಅಂಕ ಅಂದದ ಅಕ್ಷರಕ್ಕೆ. ನನ್ನ ಅಕ್ಷರ ಈ ಜನ್ಮದಲ್ಲಿ ಅಂದವಾಗುವಂಥದ್ದಲ್ಲ.

ಅಮ್ಮ ತೀರಿಕೊಂಡ ಮೇಲೆ ಅಪ್ಪ ನನ್ನನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದ. ಅವನ ಅಂಗಡಿ ಜಯಪುರದಲ್ಲಿ. ನನ್ನ ಸಂಕಟ ನೋಡಲಾರದೆ ಒಂದು ದಿನ ಜಗಳಕ್ಕೇ ಬಂದ.

"ನನ್ನ ಮಗಳು ಕ್ಲಾಸಿಗೇ ಫಸ್ಟು. ಒಂದು ಸಲ ಗಂಟೆ ಹೊಡೆಸೋಕೆ ನಿಂಗೆಂತ ಕಷ್ಟ ಮಾರಾಯ್ತಿ?"

"ಹೋದ ಸಲ ಎಷ್ಟಿತ್ತು ಭಾವ?"

"ಇಪ್ಪತ್ನಾಲ್ಕು!"

"ಈ ಸಲ?"

"ಇಪ್ಪತ್ನಾಲ್ಕು!"

"ಮತ್ತೆ? ನಿಂತಲ್ಲೇ ನಿಂತಿದಾಳಲ್ಲ!"

ಅಪ್ಪ ಕಾಫಿ ಕುಡಿದು ಎದ್ದು ಹೋದ.

ಅಷ್ಟರಲ್ಲಿ ಕ್ಲಾಸಿನವರು ಒಂದು ಉಪಾಯ ಕಂಡುಹಿಡಿದರು. ಒಂದು ವಾರ ಬೇಕೆಂದೇ ಸೊನ್ನೆ ತೆಗೆದರೆ ಮುಂದಿನ ವಾರ ಹಾರಬಹುದಲ್ಲ! ಇಡೀ ಕ್ಲಾಸು ಒಟ್ಟಿಗೆ ನೆಲ ಕಚ್ಚಿತು, ಜೊತೆಗೆ ನಾನೂ. ಚಿಕ್ಕಮ್ಮ ಹುಬ್ಬನ್ನೂ ಹಾರಿಸಲಿಲ್ಲ. "ಹಾರೋಕೆ ಅಂತ ಬಗ್ಗಿದವರನ್ನ ಬಗ್ಗಿದಲ್ಲಿಂದ ಅಳೆಯೋಲ್ಲ" ಎಂದು ಅದರ ಹಿಂದಿನ ವಾರದ ಅಂಕಗಳನ್ನೇ ಹಿಡಿದಳು. ನನ್ನ ಹಾಳೆಯನ್ನು ಮಾತ್ರ ಎತ್ತಿ ತೋರಿಸಿ, "ಎಲ್ಲ ತಪ್ಪೂ ಕೊನೇ ಸಾಲಲ್ಲೇ! ಇಷ್ಟು ಚೆಂದಕ್ಕೆ ತಪ್ಪು ಮಾಡೋಕೆ ಪೂರ್ತಿ ಗೊತ್ತಿರ್ಬೇಕು ಕೂಸೆ" ಎಂದು ಇಪ್ಪತ್ನಾಲ್ಕನ್ನೇ ಹಾಕಿದಳು. ಇಂಥವಳ ಹತ್ತಿರ ಯಾರು ಗೆಲ್ಲುತ್ತಾರೆ ಹೇಳಿ!

ಅವಳ ಮನೆಯಲ್ಲಿ ನಾನು ಏನನ್ನೂ ಕೇಳುತ್ತಿರಲಿಲ್ಲ. "ಇನ್ನೊಂದು ದೋಸೆ ಹಾಕ್ಲಾ?" ಎಂದರೆ ಹಸಿವಿದ್ದರೂ "ಸಾಕು" ಎನ್ನುತ್ತಿದ್ದೆ. ಕೇಳಿದರೆ ಇವರಿಗೆ ಭಾರವಾಗುತ್ತೇನೆ, ಭಾರವಾದರೆ ಇಲ್ಲಿಂದಲೂ ಕಳಿಸಿಬಿಡುತ್ತಾರೆ ಎಂಬ ಭಯ. ಕ್ಲಾಸಿನಲ್ಲೂ ಅಷ್ಟೆ, ತಿಳಿಯದಿದ್ದರೆ ಒಬ್ಬಳೇ ಕೂತು ಗುದ್ದಾಡುತ್ತಿದ್ದೆ.

ಒಂದು ಮಧ್ಯಾಹ್ನ ಹೊಸ ಪ್ರಮೇಯ. ಎಷ್ಟು ಗುದ್ದಾಡಿದರೂ ತಲೆಗೆ ಹತ್ತಲಿಲ್ಲ. ಹೇಗೆ ಎದ್ದು ನಿಂತೆನೋ!

"ಟೀಚರ್, ನಂಗೆ ಗೊತ್ತಾಗ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?"

ಚಿಕ್ಕಮ್ಮನ ಕೈಯಲ್ಲಿದ್ದ ಸೀಮೆಸುಣ್ಣ ಬೋರ್ಡಿನ ಮೇಲೆ ಹಾಗೇ ನಿಂತಿತು. ಆಮೇಲೆ ಮೊದಲಿನಿಂದ, ನಿಧಾನವಾಗಿ ಹೇಳಿಕೊಟ್ಟಳು. ಸಂಜೆ ಜವಾನನ ಕೈಯಿಂದ ಕಬ್ಬಿಣದ ಸರಳು ತೆಗೆದುಕೊಂಡು ನನ್ನ ಕೈಗಿಟ್ಟಳು. ಕ್ಲಾಸಿನವರು ಸುಮ್ಮನೆ ಬಿಡುತ್ತಾರೆಯೇ?

"ಹೋದ ಸಲ ಎಷ್ಟಿತ್ತು ಟೀಚರ್?"

"ಸೊನ್ನೆ."

"ಈ ಸಲ?"

"ಒಂದು" ಎಂದಳು. "ಇವಳು ಇವತ್ತು ಬಾಯಿಬಿಟ್ಟು ಕೇಳಿದ್ಲು."

ಅವಳು ಇಷ್ಟು ದಿನ ನನ್ನಲ್ಲಿ ಅಳೆಯುತ್ತಿದ್ದದ್ದು ಅದನ್ನು! ನಾನು ಹೊಡೆದೆ, ಹೊಡೆದೆ, ಕಣ್ಣೀರು ಸುರಿಯುತ್ತಿದ್ದರೂ ಹೊಡೆದೆ. "ಸಾಕು ಮಾರಾಯ್ತಿ, ಎಲ್ರೂ ಮನೆಗೆ ಹೋಗಾಯ್ತು" ಎಂದ ಜವಾನ. "ಹೊಡೀಲಿ ಬಿಡಿ" ಎಂದಳು ಚಿಕ್ಕಮ್ಮ.

ಅವತ್ತು ಮನೆಯಲ್ಲಿ ದೋಸೆ. ಎರಡು ತಿಂದು ತಟ್ಟೆ ಮುಂದೆ ಚಾಚಿದೆ.

"ಚಿಕ್ಕಮ್ಮ, ಇನ್ನೊಂದು."

ಅವಳು ನನ್ನ ಮುಖವನ್ನೇ ನೋಡಿದಳು. ಹೋದ ಸಲ ಎಷ್ಟಿತ್ತು ಎಂದು ಮಾತ್ರ ಕೇಳಲಿಲ್ಲ.