ಹೆನ್ಸಾಚಿ ಮಾವ

ನಮ್ಮ ಸೋದರಮಾವನ ಎದುರಿಗೆ ಯಾರೂ ಸುಮ್ಮನೆ ಚೆನ್ನಾಗಿರೋ ಹಾಗಿಲ್ಲ. ಎಷ್ಟು ಚೆನ್ನಾಗಿದ್ದೀರಿ ಅಂತ ಅವರು ನಂಬರ್ ಹಾಕೇ ಹಾಕ್ತಾರೆ. ಬೆಳಗೋಡು ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದು ರಿಟೈರ್ ಆದವರು. ಆಳುಗಳ ಹಾಜರಿ ಬರೆಯೋದು ನಿಂತ ಮೇಲೆ ಕೈ ತುರಿಸುತ್ತಿತ್ತೋ ಏನೋ! ಅಷ್ಟರಲ್ಲಿ ಕಾಫಿ ನೋಡೋಕೆ ಅಂತ ಜಪಾನಿನವರೊಬ್ಬರು ಆ ತೋಟಕ್ಕೆ ಬಂದರು. ತೋಟ ಸುತ್ತಿಸಿ ತೋರಿಸಿದ ಮಾವನಿಗೆ ಹೋಗುವಾಗ ಒಂದು ಪದ ಕಲಿಸಿ ಹೋದರು. ಹೆನ್ಸಾಚಿ.

"ಅಲ್ಲಿ ಮಕ್ಳಿಗೆ ಬರೀ ಮಾರ್ಕ್ಸ್ ಸಾಲದು ಕಣೇ," ಅಂತ ನನಗೆ ಪಾಠ ಶುರುವಾಯಿತು. "ಪರೀಕ್ಷೆ ಬರೆದೋರ ಗುಂಪಲ್ಲಿ ನೀನೆಲ್ಲಿ ನಿಂತಿದ್ದೀಯ ಅನ್ನೋದು ಲೆಕ್ಕ. ಸರಾಸರಿ ಇದ್ರೆ ಐವತ್ತು. ಎಪ್ಪತ್ತು ಬಂದ್ರೆ ಕೇರಿಗೆಲ್ಲ ಸುದ್ದಿ. ಯಾವ ಕಾಲೇಜು, ಯಾವ ಕೆಲ್ಸ, ಎಲ್ಲಾ ಅದ್ರ ಮೇಲೇ ಐತೆ. ತಾಯಂದ್ರು ನಿದ್ದೇನೇ ಮಾಡಲ್ವಂತೆ."

ಅಲ್ಲಿನ ತಾಯಂದಿರ ನಿದ್ದೆ ಕೆಡಿಸಿದ್ದು ಸಾಲದು ಅಂತ ಅದು ಇಲ್ಲಿಗೂ ಬರಬೇಕಾ? ಮಾವ ಮೊದಲು ಮಳೆಗೇ ನಂಬರ್ ಹಾಕಿದರು. ಹೆತ್ತೂರಿಗೆ ಎಪ್ಪತ್ತು, ಆಲೂರಿಗೆ ನಲವತ್ತೆಂಟು. ಹೆತ್ತೂರಿನ ನಮ್ಮ ನೆಂಟರು ಕಾಲಿನ ಜಿಗಣೆ ಕಿತ್ತು ಎಸೆಯುತ್ತಲೇ ಬೀಗಿದರು.

ಒಂದು ಬೆಳಿಗ್ಗೆ ನಮ್ಮನೆಗೆ ಬಂದವರು ಅಕ್ಕಿರೊಟ್ಟಿ ಮುಟ್ಟದೆ ಕೂತರು. ಹಸಿವಿಲ್ವಾ ಮಾವ ಅಂದೆ.

"ಹಸಿವು ಎಲ್ಲಿಂದ ಬರ್ಬೇಕು? ನಿನ್ ರೊಟ್ಟಿಗೆ ನಂಬರ್ ಹಾಕ್ಬೇಕಂದ್ರೆ ಊರಿನ ಸರಾಸರಿ ಬೇಡ್ವಾ? ಎಲ್ಲರ ಮನೇಲೂ ತಿನ್ಕಂಡ್ ಬಂದೆ."

ಇದಾದರೂ ಪರವಾಗಿಲ್ಲ. ನೆಂಟರೊಬ್ಬರ ಮನೆಯ ತಿಥಿ ಊಟ ಮುಗಿಸಿ, ಕೈ ತೊಳೆದವರೇ ಯಜಮಾನರನ್ನು ಪಕ್ಕಕ್ಕೆ ಕರೆದರು. "ಹೋದ್ಸಲ ನಿಮ್ಮಪ್ಪಂದು ಅರವತ್ತೆರಡು ಇತ್ತು. ಈಗ ಅಮ್ಮಂದು ಐವತ್ತೈದಕ್ಕೆ ಇಳಿದ್ಬುಡ್ತಲ್ಲ ಮಾರಾಯ. ಮುಂದಿನ ತಿಥೀಲಿ ಸುಧಾರಿಸ್ಕಳಿ." ಆ ಮನೆಯಲ್ಲಿ ಮುಂದಿನ ತಿಥಿಗೆ ಅಂತ ಉಳಿದಿದ್ದವರು ಆ ಯಜಮಾನರೊಬ್ಬರೇ.

ಇಂಥವರು ನನ್ನ ಮಗಳ ಪಿಯುಸಿ ರಿಸಲ್ಟ್ ದಿನ ಬಾಗಿಲಿಗೆ ಬಂದು ನಿಂತರೆ ನನಗೆ ಹೇಗಾಗಬೇಡ? ಎರಡು ಸಬ್ಜೆಕ್ಟ್ ಹೋಗಿತ್ತು. ಬೆಳಿಗ್ಗೆಯೇ ರೂಮಿನ ಚಿಲಕ ಹಾಕಿಕೊಂಡವಳು ಒಂದು ಲೋಟ ನೀರೂ ಕುಡಿದಿರಲಿಲ್ಲ. ಕರೆದರೆ ಓಗೊಡುತ್ತಿರಲಿಲ್ಲ. ಏನು ಮಾಡಿಕೊಂಡುಬಿಡ್ತಾಳೋ ಅಂತ ಗಳಿಗೆಗೊಮ್ಮೆ ಬಾಗಿಲಿಗೆ ಕಿವಿಗೊಡುತ್ತಿದ್ದೆ.

"ಮಾವ, ನಿಮ್ಮ ಕಾಲಿಗೆ ಬೀಳ್ತೀನಿ. ಇವತ್ತೊಂದಿನ ನಂಬರ್ ಗಿಂಬರ್ ಅನ್ಬೇಡಿ," ಅಂತ ಬೇಡಿಕೊಂಡೆ.

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಹೋಗಿ ಅವಳ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತರು. ಕೊನೆಗೆ ಒಳಗಿಂದ ಕೇಳಿದವಳು ಅವಳೇ.

"ತಾತ, ನನ್ ಹೆನ್ಸಾಚಿ ಎಷ್ಟು? ಹೇಳ್ಬುಡಿ."

ಮಾವ ಬಾಗಿಲ ಕಡೆ ತಿರುಗಿ ಕೂತರು.

"ಅದ್ನ ತೆಗೆಯಕ್ಕೆ ನಿನ್ನಂಥೋರು ಒಂದಷ್ಟು ಜನ ಬೇಕು ಕಣವ್ವಾ," ಅಂದರು. "ನಮಗಿರೋಳು ನೀನೊಬ್ಳೇ. ಯಾರ್ ಪಕ್ಕ ಇಟ್ ನೋಡ್ಲಿ?"

ಸ್ವಲ್ಪ ಹೊತ್ತಿಗೆ ಚಿಲಕ ತೆಗೆದ ಸದ್ದಾಯಿತು.