ಚೋಲ್ಪನ್ ಬರೆದ ಬಾಡಿಗೆ ಭಾಷಣ

ಕರಾಕೋಲ್ ಪಟ್ಟಣದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ಚೋಲ್ಪನ್, ‘ಮದುವೆ, ತೊಟ್ಟಿಲು ಮುಂತಾದ ಸಕಲ ಸಮಾರಂಭಗಳಿಗೂ ಭಾಷಣ ಬರೆದುಕೊಡಲಾಗುವುದು’ ಎಂದು ಫೋನಿನಲ್ಲಿ ಊರಿನವರ ಗುಂಪಿಗೆ ಜಾಹೀರಾತು ಹಾಕಿದಳು. ಯಾರೂ ಕರೆಯದಿದ್ದರೆ ಎಂಬ ಭಯದಲ್ಲಿ ಎರಡು ದಿನ ಕಳೆಯಿತು. ಮೂರನೆಯ ದಿನ ಒಬ್ಬರು ಕರೆದೇಬಿಟ್ಟರು. ಅಸಲಿ ಭಯ ಶುರುವಾದದ್ದೇ ಆಗ.

ಕರೆದವರು ವ್ಯಾನ್ ಡ್ರೈವರ್ ಶರ್ಶೆನ್. ಮದುವೆಯಾಗಿ ಮೂವತ್ತು ವರ್ಷವಾದದ್ದಕ್ಕೆ ಭಾನುವಾರ ಔತಣ. ಹೆಂಡತಿ ಬಕ್ತಿಗುಲ್ ಬಗ್ಗೆ ನಾಲ್ಕು ಮಾತಾಡಲೇಬೇಕು.

“ಮೈಕ್ ಕಂಡ್ರೆ ನಂಗೆ ಬ್ರೇಕ್ ಫೇಲಾಗುತ್ತೆ ಮಗಳೇ. ನೀನು ಬರ್ಕೊಡು, ನಾನು ಓದ್ಬಿಡ್ತೀನಿ.”

ಚೋಲ್ಪನ್ ಬಕ್ತಿಗುಲ್‌ಳನ್ನು ಬೆಳದಿಂಗಳೆಂದು ಬರೆದಳು, ಹೊಡೆದುಹಾಕಿದಳು. ಇಸಿಕ್ ಕುಲ್ ಸರೋವರ ಎಂದಳು. (ಊರಿನ ಭಾಷಣಗಳಲ್ಲಿ ಸಮಸ್ತ ಹೆಂಗಸರೂ ಆಗಲೇ ಸರೋವರವಾಗಿದ್ದರು.) ಹಿಮಶಿಖರ ಎಂದಳು, ತಣ್ಣನೆಯ ಹೆಂಗಸು ಎಂದು ಜನ ತಿಳಿದುಕೊಂಡರೆ?

“ಅಲ್ವೇ, ಮೂರು ವರ್ಷದಿಂದ ಬರೆಯೋದನ್ನೇ ಕಲಿಸ್ತಿದಾರೆ. ಒಂದು ಪುಟಕ್ಕೆ ನಾಲ್ಕು ದಿನವಾ?” ಎಂದಳು ಬೋರ್ಸೋಕ್ ಎಂಬ ಹಿಟ್ಟಿನ ತುಣುಕುಗಳನ್ನು ಎಣ್ಣೆಯಲ್ಲಿ ಕರಿಯುತ್ತಿದ್ದ ತಾಯಿ ಸಾಲ್ಕಿನ್.

“ಅಮ್ಮಾ, ಇದು ಸೃಜನಶೀಲ ಸಂಕಟ.”

“ಸಂಕಟ ಆದ್ರೆ ಮೊಸರು ಕುಡಿ.”

“ನಂಗೆ ಬರೆಯೋಕೇ ಬರಲ್ಲ ಅನ್ಸುತ್ತೆ. ಕಾಲೇಜಲ್ಲಿ ಮೇಷ್ಟ್ರುಗಳು ಪಾಪ ಅಂತ ಮಾರ್ಕ್ಸ್ ಹಾಕಿರ್ಬೇಕು.”

“ಹಾಗಂತ ಅವರಿಗೇ ಹೇಳ್ಬಿಡು. ಬೇರೆಯವರನ್ನ ಹುಡುಕ್ಕೊಳ್ಳಲಿ.”

ಭಾನುವಾರ ಮಧ್ಯಾಹ್ನ ಚೋಲ್ಪನ್ ಶರ್ಶೆನ್‌ಗೆ ಸಂದೇಶ ಒತ್ತಿದಳು: ‘ನಿಮ್ಮ ನಂಬಿಕೆಗೆ ತಕ್ಕ ಯೋಗ್ಯತೆ ನನಗಿಲ್ಲ. ಇಷ್ಟು ದಿನ ದೊಡ್ಡ ದೊಡ್ಡ ಮಾತಾಡಿದೆ, ಒಂದೂ ಕೆಲಸಕ್ಕೆ ಬರಲಿಲ್ಲ. ನಿಮಗೆ ನನಗಿಂತ ಒಳ್ಳೆಯವರು ಸಿಗಬೇಕಿತ್ತು. ತಪ್ಪೆಲ್ಲ ನನ್ನದೇ. ಕ್ಷಮಿಸಿಬಿಡಿ.’ ಕಳಿಸಿದವಳೇ ಫೋನ್ ಆರಿಸಿ ಕಂಬಳಿ ಹೊದ್ದು ಮಲಗಿದಳು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಸ್ವತಃ ಶರ್ಶೆನ್, ಕೈಯಲ್ಲಿ ಬೇಯಿಸಿದ ಕುರಿಯ ತೊಡೆ! ಹೊಡೆಯಲು ತಂದಿದ್ದಾರೆಂದೇ ತಿಳಿದು ಚೋಲ್ಪನ್ ಎರಡು ಹೆಜ್ಜೆ ಹಿಂದೆ ಸರಿದಳು.

“ಎಂಥಾ ಭಾಷಣ ಮಗಳೇ! ನೀನು ಕಳ್ಸಿದ್ದನ್ನ ಮೈಕ್ ಮುಂದೆ ನಿಂತ್ಮೇಲೇ ಕನ್ನಡಕ ಹಾಕ್ಕೊಂಡು ಓದಿದ್ದು. ಬಕ್ತಿಗುಲ್ ಗೊಳೋ ಅಂತ ಅತ್ಬಿಟ್ಳು. ‘ಮೂವತ್ತು ವರ್ಷಕ್ಕಾದ್ರೂ ತಪ್ಪು ಒಪ್ಕೊಂಡ್ಯಲ್ಲ’ ಅಂದ್ಳು. ಅಳಿಯ ಅಂತ ಒಂದಿನಾನೂ ಕರೀದಿದ್ದ ನಮ್ಮತ್ತೆ ಎದ್ದು ಬಂದು ಹಣೆಗೆ ಮುತ್ತು ಕೊಟ್ರು!”

“ಶರ್ಶೆನ್ ಅಣ್ಣಾ, ಅದು ಭಾಷಣ ಅಲ್ಲ...”

“ಅಲ್ವೇ ಅಲ್ಲ! ಅದು ಹೃದಯ!”

ಸಾಲ್ಕಿನ್ ಮಗಳ ತೋಳು ಚಿವುಟಿ, ಕುರಿಯ ತೊಡೆ ಒಳಗೆ ತೆಗೆದುಕೊಂಡಳು.

ವಾರದೊಳಗೆ ವ್ಯಾನ್ ನಿಲ್ದಾಣದ ಅರ್ಧಕ್ಕರ್ಧ ಗಂಡಂದಿರು ಚೋಲ್ಪನ್‌ಗೆ ಗಿರಾಕಿಗಳಾದರು. (ತಪ್ಪು ಮಾಡದ ಗಂಡ ಕರಾಕೋಲ್‌ನಲ್ಲೂ ಇಲ್ಲ.) ಅವಳ ಆತ್ಮವಿಶ್ವಾಸ ಹುಳಿಹಿಟ್ಟಿನಂತೆ ಉಬ್ಬಿತು. ಅವರಲ್ಲಿ ಮೊದಲು ಬಂದವನಿಗೆ ಒಂದೇ ಗಂಟೆಯಲ್ಲಿ, ಒಂದಕ್ಷರವನ್ನೂ ಹೊಡೆದುಹಾಕದೆ, ಬೆಳದಿಂಗಳು-ಸರೋವರ-ಹಿಮಶಿಖರ ಸಮೇತ ಮಹಾಭಾಷಣ ಬರೆದು ಕಳಿಸಿದಳು.

ಹತ್ತೇ ನಿಮಿಷಕ್ಕೆ ಉತ್ತರ ಬಂತು: ‘ಮಗಳೇ, ಇದು ಯಾರೋ ಬರೆಯೋಕೆ ಬರೋರು ಬರೆದ ಹಾಗಿದೆ. ಶರ್ಶೆನ್‌ಗೆ ಬರೆದವರ ಕೈಲೇ ಬರೆಸಿಕೊಡು.’

ಚೋಲ್ಪನ್ ಮತ್ತೆ ಕುಳಿತಳು. ತನ್ನ ಮೇಲೆ ಒಂದಿಷ್ಟು ಅನುಮಾನ ತರಿಸಿಕೊಳ್ಳಲು ಸಂಜೆಯವರೆಗೂ ತಿಣುಕಿದಳು, ಹನಿಯಷ್ಟೂ ಬರಲಿಲ್ಲ. ಕೊನೆಗೆ ಅಡುಗೆಮನೆಗೆ ಹೋಗಿ ನಿಂತು, “ಅಮ್ಮಾ, ಒಂದೈದು ನಿಮಿಷ ನನ್ನ ಚೆನ್ನಾಗಿ ಬೈಯೇ,” ಎಂದಳು.